ಪರದೆ ಕಟ್ಟಿದ ಕೈ

2001ರಲ್ಲಿ ನಾನು ಮಣಿಪಾಲದ ಒಂದು ಫಿಲ್ಮ್ ಕ್ಲಬ್ಬಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಹದಿನಾರು ಎಂಎಂ ಯಂತ್ರವನ್ನು ಜೀಪಿಗೆ ಹಾಕಿಕೊಂಡು ಊರೂರಿನಲ್ಲಿ ಹಳೆಯ ಮೂಕಿ ಚಿತ್ರಗಳನ್ನು ತೋರಿಸುವುದು ನನ್ನ ಕೆಲಸ. ಆ ಭಾನುವಾರ ಮಧ್ಯಾಹ್ನ ಮಲ್ಪೆ ಬಂದರಿನ ಪಕ್ಕದ ಸಭಾಭವನದಲ್ಲಿ ಎರಡು ರೀಲಿನ ಹಾಸ್ಯಚಿತ್ರವಿತ್ತು. ಹೋಟೆಲಿನ ಸಪ್ಲಾಯರ್ ಒಬ್ಬ ಬಾಡಿಗೆ ಕೋಟು ತೊಟ್ಟು, ರಾಜಕುಮಾರನೆಂದು ಹೇಳಿಕೊಂಡು ಶ್ರೀಮಂತರ ಹುಡುಗಿಯನ್ನು ಒಲಿಸಿಕೊಳ್ಳುವ ಕಥೆ.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದಾಗ ಸುಧಾಕರ ಬಂದ. ಬಂದರಿನಲ್ಲಿ ಬಲೆ ರಿಪೇರಿ ಮಾಡುವವನು, ನನಗೆ ಹಳೆಯ ಪರಿಚಯ. ಅಂದು ಮಾತ್ರ ಇಸ್ತ್ರಿ ಪ್ಯಾಂಟು, ಶೂ.

"ಸರ್, ನಾನು ಮದುವೆ ಆಗ್ಬೇಕಂತಿರುವ ಕಾಪುವಿನ ಯಶೋದಾ ಬರ್ತಾಳೆ, ಅವಳ ಸೋದರಮಾವನೂ ಬರ್ತಾರೆ. ನಾನು ಬೋಟ್ ಕಂಪನಿಯ ಮ್ಯಾನೇಜರ್ ಅಂತ ಹೇಳಿ ಆಗಿದೆ. ನೀವು ಎಂತದ್ದೂ ಬಾಯಿ ಬಿಡಬೇಡಿ."

ನನಗೆ ಸಿಟ್ಟು ಬಂತು. ಮಾವ ಕಾರ್ಕಳದ ನಿವೃತ್ತ ಮಾಸ್ಟ್ರು. ಅವರು ಒಪ್ಪದೆ ಈ ಮದುವೆ ನಡೆಯುವಂತಿರಲಿಲ್ಲ. ಅಂಥವರನ್ನು ಇವನು ಇದೇ ಸಿನಿಮಾಕ್ಕೆ ಕರೆಯಬೇಕೇ!

ಮೊದಲ ರೀಲು ಮುಗಿಯುವ ಹೊತ್ತಿಗೆ ಕಡಲ ಗಾಳಿ ನುಗ್ಗಿ, ಪರದೆಯನ್ನು ಚೌಕಟ್ಟಿಗೆ ಬಿಗಿದಿದ್ದ ಹಗ್ಗ ಒಂದು ಬದಿಯಲ್ಲಿ ಹರಿದೇಹೋಯಿತು. ದೀಪ ಹಾಕಿ, ತುಂಡುಗಳಿಗೆ ಕೈಗೆ ಬಂದಂತೆ ಗಂಟು ಹಾಕಿದೆ. ಪರದೆ ಸುಕ್ಕುಗಟ್ಟಿತು. ಬಿಚ್ಚಿ ಮತ್ತೆ ಕಟ್ಟಿದೆ, ಇನ್ನೂ ಕೆಟ್ಟಿತು.

"ಅದೆಂತ ಗಂಟು ಸರ್? ಬಿಡಿ ಆಚೆ!"

ಸುಧಾಕರ ಎದ್ದು ಬಂದಿದ್ದ. ಸುಮ್ಮನೆ ಕುಳಿತಿದ್ದರೆ ಬಚಾವಾಗುತ್ತಿದ್ದ. ಆದರೆ ಕೆಟ್ಟ ಕೆಲಸ ನೋಡಿಕೊಂಡಿರಲು ಅವನಿಂದಾಗಲಿಲ್ಲ. ಮೀನುಗಾರರು ಮೂಲೆಯಲ್ಲಿ ಬಿಟ್ಟುಹೋಗಿದ್ದ ಬಲೆಯ ಸೂಜಿ, ನೂಲು ತೆಗೆದುಕೊಂಡ. ನೋಡನೋಡುತ್ತಿದ್ದಂತೆ ಪರದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಿಗಿಯಾಯಿತು. ಅಂಥ ಕೈಚಳಕವನ್ನು ನಾನು ಮತ್ತೆ ಕಂಡಿಲ್ಲ.

ಮಾಸ್ಟ್ರು ಎದ್ದುಬಂದರು. "ಮ್ಯಾನೇಜರ್ ಅಂದಿದ್ದೆಯಲ್ಲ ಮಾರಾಯ?"

ಸುಧಾಕರ ಸೂಜಿ ಕೆಳಗಿಟ್ಟ. "ಅಲ್ಲ ಮಾಸ್ಟ್ರೇ. ಬಲೆ ಕೆಲಸ. ಸುಳ್ಳು ಹೇಳಿದ್ದು ನಾನೇ, ಯಶೋದಾಳಿಗೂ ಗೊತ್ತಿಲ್ಲ."

ಯಶೋದಾ ತಲೆ ಎತ್ತಲಿಲ್ಲ. ಮಾಸ್ಟ್ರು ಒಂದು ಗಂಟನ್ನು ಹಿಡಿದು ಜಗ್ಗಿದರು, ಅದು ಅಲುಗಲಿಲ್ಲ. "ಇನ್ನೊಂದು ರೀಲು ಉಂಟಲ್ವಾ? ಹಾಕಿ," ಎಂದು ಹೋಗಿ ಕುಳಿತರು.

ಆ ರೀಲಿನಲ್ಲಿ ಸಪ್ಲಾಯರ್ ಸಿಕ್ಕಿಬಿದ್ದು, ಹುಡುಗಿ ಬಾಗಿಲು ಮುಚ್ಚುತ್ತಾಳೆ. ಎಲ್ಲರೂ ನಕ್ಕರು, ಗೋಡೆಗೊರಗಿ ನಿಂತಿದ್ದ ಸುಧಾಕರನೊಬ್ಬನನ್ನು ಬಿಟ್ಟು. ನನಗೆ ಅಯ್ಯೋ ಅನಿಸಿತು.

ಹೊರಡುವಾಗ ಮಾಸ್ಟ್ರು ಯಶೋದಾಳಿಗೆ ಹೇಳಿದರು: "ಹುಡುಗನ ಕೈ ಒಳ್ಳೆಯದುಂಟು. ಬಾಯಿ ರಿಪೇರಿ ನೀನು ಮಾಡ್ತೀಯಾದರೆ ನನ್ನದು ಅಡ್ಡಿಯಿಲ್ಲ." ಯಶೋದಾ ಸುಧಾಕರನನ್ನು ಚೆನ್ನಾಗಿ ಬೈದಳು, ಆಮೇಲೆ ನಕ್ಕಳು.

ಪರದೆ ಕಟ್ಟಲು ಬರದವನು ಆಪರೇಟರ್ ಅಲ್ಲವೆಂದು ಅಂದು ತಿಳಿಯಿತು. ಮರುವಾರವೇ ಹೋಗಿ ಆ ಗಂಟನ್ನು ಅವನಿಂದ ಕಲಿತೆ. ಬೇಸಿಗೆಯಲ್ಲಿ ಮದುವೆಯ ಕಾಗದ ಬಂತು. ವರನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ಬಲೆ ಕೆಲಸ, ಮಲ್ಪೆ.'