ಪೆಟ್ಟಿಗೆಯ ಒಳಗೂ ಎರಡು ಕೋಟ್

ಸ್ವೆಟರ್ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತ್ತು. ಎಳೆದೆ. ಸ್ವೆಟರ್ ಬಂತು, ಮೊಣಕೈಯ ಉಣ್ಣೆ ಮಾತ್ರ ಅಲ್ಲೇ ಉಳಿಯಿತು.

ನಿಮ್ಮ ತಾತನ ಸ್ವೆಟರ್ ಅದು, ಮಕ್ಕಳೇ. ಶಿಮ್ಲಾದ ಮೊದಲ ಚಳಿಗೆ ನಾನೇ ಹೆಣೆದದ್ದು. ಅವರು ಹೋದ ಮೇಲೆ ನಾನು ಇಟ್ಟುಕೊಂಡ ಒಂದೇ ಬಟ್ಟೆ.

ಪೆಟ್ಟಿಗೆಯೂ ಶಿಮ್ಲಾದ್ದೇ. ತಾತ ಅಲ್ಲಿ ಸರ್ಕಾರಿ ಗುಮಾಸ್ತರಾಗಿದ್ದಾಗ ಮಾಡಿಸಿದ ದೇವದಾರು ಪೆಟ್ಟಿಗೆ. ಹೊರಗೆ ತೆಳುವಾದ ವಾರ್ನಿಷ್, ಒಳಗೆ ಬರೀ ಮರ. "ಒಳಗೆ ಏನೂ ಹಚ್ಚಬೇಡಿ ಬಾಬೂಜಿ, ಮರದ ವಾಸನೆಗೇ ಹುಳ ಬರೋದಿಲ್ಲ" ಎಂದಿದ್ದ ಬಡಗಿ. ಈ ಮಾತನ್ನು ತಾತ ಪ್ರತಿ ಚಳಿಗಾಲವೂ ಹೇಳುತ್ತಿದ್ದರು. (ನಾನೂ ಪ್ರತಿ ಸಲ ಹೊಸದಾಗಿ ಕೇಳಿದಂತೆ ತಲೆಯಾಡಿಸುತ್ತಿದ್ದೆ.)

ದೀಪಾವಳಿಗೆ ಮುಂಚೆ ಇಲ್ಲಿಯವರಿಗೊಂದು ಹುಚ್ಚು ಹಿಡಿಯುತ್ತದೆ. ಗೋಡೆ ಹೊಳೆಯಬೇಕು, ಬಾಗಿಲು ಹೊಳೆಯಬೇಕು, ಚಪ್ಪಲಿ ಸ್ಟ್ಯಾಂಡೂ ಹೊಳೆಯಬೇಕು. ನಮ್ಮ ಘಾಜಿಯಾಬಾದಿನ ಸೊಸೈಟಿಯಲ್ಲಿ ಮರ ಮರದಂತೆ ಕಂಡರೆ ಮನೆಯವರಿಗೆ ಅವಮಾನ. ಗಾಜಿನಂತೆ ಕಾಣಬೇಕಂತೆ. ಗಾಜೇ ಬೇಕಿದ್ದರೆ ಮರ ಏಕೆ ಕಡಿದಿರಿ?

ಸರಿ, ನಮ್ಮ ಮನೆಗೂ ಪಾಲಿಶ್ ಭಯ್ಯಾ ಬಂದ. ಸೊಸೆ ಸ್ಮಿತಾ ಉಣ್ಣೆ ಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿದಳು. ಅವನು ಪೆಟ್ಟಿಗೆಯ ಹೊರಮೈಗೆ ಬಣ್ಣವಿಲ್ಲದ ಪಾಲಿಶ್ ಹೊಡೆದ. ಮರದ ಗೆರೆಗಳು ಎದ್ದು ಕಂಡವು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಅವನು ಮುಚ್ಚಳ ಎತ್ತಿದ.

"ಅರೆ ಮಾತಾಜಿ, ಒಳಗೆಲ್ಲ ಸೂಖಾ, ಒಣಮರ! ಇಲ್ಲಿಗೂ ಎರಡು ಕೋಟ್ ಹೊಡೀತೀನಿ. ಫ್ರೀ!"

ನನ್ನ ಹಿಂದಿ ತರಕಾರಿ ಕೊಳ್ಳುವಷ್ಟರದು. "ಅಂದರ್ ನಹೀ..." ಎಂದೆ, ಒಳಗೆ ಬೇಡ ಅಂತ.

"ಟೆನ್ಶನ್ ಮತ್ ಲೋ ಮಾತಾಜಿ, ನಾಳೆಗೆ ಒಣಗುತ್ತೆ."

"ಫ್ರೀ ಅಂತಿದ್ದಾನಲ್ಲ ಅತ್ತೆ, ಹೊಡೀಲಿ ಬಿಡಿ" ಎಂದಳು ಸ್ಮಿತಾ, ಫೋನಿನಿಂದ ತಲೆ ಎತ್ತದೆ.

ಅವನು ಒಳಗೂ ಎರಡು ಕೋಟ್ ಹೊಡೆದ. ಬೇರೆಯವರನ್ನು ಬೈಯುವ ಮೊದಲು ಇದನ್ನು ಬರೆದಿಡುತ್ತೇನೆ: ಗೊತ್ತಿದ್ದೂ ಸುಮ್ಮನಿದ್ದವಳು ನಾನೊಬ್ಬಳೇ.

ಮಾರನೆಯ ದಿನ ಮುಟ್ಟಿದರೆ ಒಣಗಿದಂತಿತ್ತು. ಬಟ್ಟೆ ತುಂಬಿ ಮುಚ್ಚಳ ಹಾಕಿದೆವು. ದೇವದಾರಿನ ಎಣ್ಣೆ ಒಳಗೇ ಆವಿಯಾಗಿ ಪಾಲಿಶನ್ನು ಮತ್ತೆ ಮೆತ್ತಗೆ ಮಾಡಿತು. ಚಳಿ ಶುರುವಾಗಿ ಮುಚ್ಚಳ ತೆಗೆದಾಗ, ಮೊಮ್ಮಗಳು ತನ್ವಿ ಪ್ರತಿ ವರ್ಷದಂತೆ ಮೊದಲು ತಲೆ ತೂರಿಸಿ ಮೂಸಿದಳು. ಮುಖ ಸಿಂಡರಿಸಿದಳು.

"ಅಜ್ಜಿ, ಇದು ತಾತನ ಸ್ಮೆಲ್ ಅಲ್ಲ. ನೇಲ್ ಪಾಲಿಶ್!"

ಸ್ವೆಟರಿನ ಮೊಣಕೈ ಕಿತ್ತುಬಂದದ್ದು ಆಗಲೇ. ಭಯ್ಯಾನನ್ನು ಕರೆಸಿದೆವು. ಬೆರಳಿಂದ ಅಂಟು ಮುಟ್ಟಿ ನೋಡಿ ಅವನು ಕೊಟ್ಟ ಪರಿಹಾರ ಕೇಳಿ: "ಮೇಲೆ ಇನ್ನೊಂದು ಕೋಟ್ ಹೊಡೀತೀನಿ. ವಾಸನೆಗೇನು, ಮಾರ್ಕೆಟಲ್ಲಿ ಸ್ಪ್ರೇ ಸಿಗುತ್ತೆ."

ಮರದ ಪೆಟ್ಟಿಗೆಗೆ ಮರದ ವಾಸನೆಯ ಸ್ಪ್ರೇ! ಈ ಬುದ್ಧಿಗೆ ಏನು ಹೇಳೋಣ?

"ಬಸ್," ಎಂದೆ. ಎಷ್ಟು ಜೋರಾಗಿ ಎಂದರೆ ಸ್ಮಿತಾ ಫೋನ್ ಕೆಳಗಿಟ್ಟಳು. "ರೇಗ್‌ಮಾಲ್ ಕೊಟ್ಟು ಹೋಗು ಭಯ್ಯಾ." ಮರ ಉಜ್ಜುವ ಕಾಗದದ ಹೆಸರು ಅದು. ಎರಡು ಹಾಳೆ ಇಟ್ಟು ಹೊರಟುಹೋದ.

ಚಾಕುವಿನಿಂದ ಅಂಟು ಹೆರೆದು, ಆಮೇಲೆ ಉಜ್ಜಿದೆವು, ನಾನೂ ತನ್ವಿಯೂ. ಮೂರು ಮಧ್ಯಾಹ್ನ. ಮೂರನೆಯ ದಿನ ಒಂದು ಮೂಲೆಯಲ್ಲಿ ಅಂಗೈಯಗಲ ಬರೀ ಮರ ಕಂಡಿತು. ತನ್ವಿ ತಲೆ ತೂರಿಸಿದವಳು ಎಷ್ಟು ಹೊತ್ತಾದರೂ ಹೊರಗೆ ತೆಗೆಯಲಿಲ್ಲ.

"ಆ ಗಯಾ, ಅಜ್ಜಿ! ತಾತನ ಸ್ಮೆಲ್ ಬಂದುಬಿಡ್ತು!"

ಸ್ಮಿತಾಳೂ ಬಂದು ಬಗ್ಗಿ ನೋಡಿದಳು. "ಒಳಗೆಲ್ಲ ಗೀರು ಗೀರಾಯ್ತಲ್ಲ ಅತ್ತೆ, ಯಾರಾದರೂ ನೋಡಿದ್ರೆ?"

ಪಕ್ಕದವರ ಸ್ವೆಟರ್ ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡುವ ಆ 'ಯಾರಾದರೂ' ಯಾರು, ಯಾರಾದರೂ ಹೇಳುತ್ತೀರಾ?