ಹೊಸ ಪ್ಲಾಟಿನ ನಳ

ನಮ್ಮ ಅಪ್ಪ ತಮ್ಮ ನೆರಳನ್ನೂ ಪೂರ್ತಿ ನಂಬಿದವರಲ್ಲ. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ತಾವು ಎಳೆದು, ನಾಲ್ಕನೆಯ ಸಲ ನನ್ನಿಂದ ಎಳೆಸುತ್ತಿದ್ದರು. ಧಾರವಾಡದ ಕಡೆಯಿಂದ ಪುಣೆಯ ಸರಕಾರಿ ಕಚೇರಿಗೆ ಕಾರಕೂನರಾಗಿ ಬಂದು ಹದಿನೈದು ವರ್ಷವಾಗಿತ್ತು. ಆದರೂ ಮರಾಠಿಯಲ್ಲಿ ಯಾರಾದರೂ ಸಿಹಿಯಾಗಿ ಮಾತಾಡಿದರೆ, ಮನೆಗೆ ಬಂದು ಕನ್ನಡದಲ್ಲಿ ಅದರ ಹುಳುಕು ಹುಡುಕುತ್ತಿದ್ದರು. ಅಂಥವರು ಪ್ಲಾಟು ಹೇಗೆ ಕೊಂಡರೋ, ನನಗೆ ಈಗಲೂ ಸೋಜಿಗ.

ಇದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನದಿಯಾಚೆಯ ಜೋಳದ ಹೊಲಗಳನ್ನು ಒಬ್ಬ ಮಾಲೀಕ ತುಂಡು ಮಾಡಿ ಮನೆ ಕಟ್ಟುವವರಿಗೆ ಮಾರುತ್ತಿದ್ದ. ಅವನ ನಕಾಶೆಯಲ್ಲಿ ಜಲ್ಲಿಕಲ್ಲು ಹಾಸಿದ ಖಡಿ ರಸ್ತೆ, ಕಲ್ಲಿನ ಗಟಾರ, ದೀಪದ ಕಂಬ, ಮನೆಮನೆಗೆ ಮುನ್ಸಿಪಾಲ್ಟಿಯ ನಳ, ಎಲ್ಲ ಇದ್ದವು. ನಾವು ಊರೊಳಗಿನ ಪೇಠೆಯಲ್ಲಿ ಹತ್ತಾರು ಬಾಡಿಗೆದಾರರಿದ್ದ ವಾಡೆ ಬಿಟ್ಟು ಅಲ್ಲಿಗೆ ಹೋದಾಗ ನಮ್ಮದೂ ಸೇರಿ ಎಂಟು ಮನೆ ಇದ್ದವು, ಉಳಿದದ್ದು ಮುಳ್ಳುಕಂಟಿ. ವಾಡೆಯ ಅಂಗಳದಲ್ಲಿ ನಳವಿತ್ತು. ಇಲ್ಲಿ ಒಂದು ಹೊಲ ದಾಟಿ ಬಾವಿಗೆ ಹೋಗಬೇಕು. ಅವ್ವನಿಗೆ ಹಿಂದಿನ ವರ್ಷ ಹೆರಿಗೆ ಕಷ್ಟವಾಗಿ, ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ್ದರು. ಆದರೂ ದಿನಾ ಹತ್ತು ಕೊಡ ಹೊರುತ್ತಿದ್ದಳು. ಹನ್ನೆರಡು ವರ್ಷದ ನಾನು ಸಣ್ಣ ಬಿಂದಿಗೆ ಹಿಡಿದು ಹಿಂದೆ ಹೋಗುತ್ತಿದ್ದೆ. ದಾರಿಯಲ್ಲಿ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಾಗಲೆಲ್ಲ ನನಗೆ ಆ ನಕಾಶೆಯ ಮೇಲೆ ಸಿಟ್ಟು ಬರುತ್ತಿತ್ತು.

ಈ ಎಲ್ಲ ಸೌಕರ್ಯ ಮಾಡಿಕೊಡುವುದು ಮಾಲೀಕನ ಹೊಣೆ. ಎಲ್ಲವೂ ಬಂದಿವೆಯೆಂದು ಮನೆಯವರು ಬರೆದುಕೊಟ್ಟರೆ, ಮುಂದಿನದನ್ನು ಮುನ್ಸಿಪಾಲ್ಟಿ ನೋಡಿಕೊಳ್ಳುತ್ತದೆ, ಮಾಲೀಕ ಕೈತೊಳೆದುಕೊಳ್ಳುತ್ತಾನೆ. ಅಪ್ಪ ಅದಕ್ಕೇ ಕಾದು ಕೂತವರಂತೆ ದಿನಾ ಬೆಳಿಗ್ಗೆ ಬೆತ್ತ ಹಿಡಿದು ಹೊರಡುತ್ತಿದ್ದರು. ರಸ್ತೆಗೆ ಬೆತ್ತ ಚುಚ್ಚಿ ಖಡಿ ಎಷ್ಟು ಆಳವಿದೆ ನೋಡುವರು. ಗಟಾರಕ್ಕೆ ಒಂದು ತಂಬಿಗೆ ನೀರು ಹೊಯ್ದು ಅದು ಯಾವ ಕಡೆ ಹರಿಯುತ್ತದೆ ನೋಡುವರು. ಒಂದು ಗಟಾರ ನಮ್ಮ ಮನೆಯ ಕಡೆಗೇ ಹರಿದಾಗ ಅವರಿಗಾದ ಸಂತೋಷ ಹೇಳತೀರದು. ಉಳಿದ ಏಳು ಮನೆಯವರು ನಗುತ್ತಿದ್ದರು. ಆದರೆ ಈ ರಾಯರು ಸಹಿ ಹಾಕಿದರೆ ಮಾತ್ರ ನಾವೂ ಹಾಕುವುದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು.

ಹೀಗಿರುವಾಗ ಮಾಲೀಕ ಕೆಲಸದ ಮೇಲ್ವಿಚಾರಣೆಗೆ ಹೊಸ ಓವರ್ಸಿಯರನನ್ನು ತಂದ. ಅಪ್ಪ ಎಂದಿನಂತೆ ಮರಾಠಿಯಲ್ಲಿ ಜಗಳ ತೆಗೆದರು. ಅವನು ಟೊಪ್ಪಿಗೆ ತೆಗೆದು ಕನ್ನಡದಲ್ಲಿ ಹೇಳಿದ: "ರಾಯರ, ನಾನೂ ನಿಮ್ಮ ಧಾರವಾಡ ಕಡಿಯಾಂವ ರೀ. ನಿಮಗ ಮೋಸ ಮಾಡಿ ಎಲ್ಲಿಗೆ ಹೋಗ್ಲಿ?"

ಅಷ್ಟೇ ಸಾಕಾಯಿತು. ಮರಾಠಿಯ ನಡುವೆ ಬದುಕುವ ನಮ್ಮ ಜನಕ್ಕೆ ಇದೊಂದು ರೋಗ. ಕನ್ನಡ ಕಿವಿಗೆ ಬಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಅಪ್ಪ ಅವನ ಊರು, ಮಠ, ಸೋದರಮಾವನ ಅಂಗಡಿ ಎಲ್ಲ ವಿಚಾರಿಸಿ, ಮನೆಗೆ ಕರೆತಂದು ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ನಾಲ್ಕು ಸಲ ಉಂಡುಹೋದ. ಉಂಡ ಮನೆಯ ಜಂತೆ ಎಣಿಸುವವನಲ್ಲ ಇವನು ಎಂದು ಅಪ್ಪನೇ ನಮಗೆ ಹೇಳಿದರು. ಬೆತ್ತ ಮೂಲೆ ಸೇರಿತು.

ಒಂದು ಬೆಳಿಗ್ಗೆ ಎಂಟೂ ಮನೆಯ ನಳಗಳಲ್ಲಿ ನೀರು ಬಂತು. ಹೆಂಗಸರು ಅರಿಸಿನ ಕುಂಕುಮ ಹಚ್ಚಿ ನಳಕ್ಕೆ ಪೂಜೆ ಮಾಡಿದರು. ಸಂಜೆ ಸಹಿಗೆ ಕಾಗದ ತರುತ್ತೇನೆ ಎಂದು ಓವರ್ಸಿಯರ್ ಹೇಳಿಹೋದ. ಅವ್ವ ನಳದ ನೀರಿನಲ್ಲಿ ಬೇಳೆ ಇಟ್ಟಳು. ಅದು ಎಷ್ಟು ಹೊತ್ತು ಕುದಿದರೂ ಕಾಳಾಗಿಯೇ ಉಳಿಯಿತು. ಪೇಠೆಯಲ್ಲಿದ್ದಾಗ ಮುನ್ಸಿಪಾಲ್ಟಿಯ ನೀರಿನಲ್ಲಿ ಬೇಳೆ ಬೇಗ ಕರಗುತ್ತಿತ್ತು. ಹೊಲದ ಬಾವಿಯ ಗಡಸು ನೀರಿನಲ್ಲಿ ಮಾತ್ರ ಹೀಗೆ ಹಟ ಹಿಡಿಯುತ್ತಿತ್ತು.

ಊಟಕ್ಕೆ ಕೂತ ಅಪ್ಪನಿಗೆ ಅವ್ವ ಮೆಲ್ಲಗೆ ಹೇಳಿದಳು: "ಇದು ಮುನ್ಸಿಪಾಲ್ಟಿ ನೀರಲ್ಲ ರೀ. ಆ ಬಾವೀದ ಅದ. ಇವತ್ತ ಸಹಿ ಹಾಕಬ್ಯಾಡ್ರಿ."

ಅಪ್ಪ ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿದರು. ಆಮೇಲೆ ಅಂಗಡಿಯವನನ್ನು ಬೈಯತೊಡಗಿದರು. ಹಳೇ ಬೇಳೆ ಕೊಟ್ಟಿದ್ದಾನೆ, ನಾಳೆ ಹೋಗಿ ಅವನ ಮುಖಕ್ಕೇ ಎಸೆಯುತ್ತೇನೆ ಎಂದರು. ಅವ್ವ ಮತ್ತೊಮ್ಮೆ ಬಾಯಿ ತೆರೆದಾಗ, ನಮ್ಮ ಕಡೆಯ ಹುಡುಗನ ಮೇಲೆ ಅನುಮಾನ ಪಡುವ ಬುದ್ಧಿ ನಿನಗೆ ಎಲ್ಲಿಂದ ಬಂತು ಎಂದು ಕೇಳಿದರು. ಈ ಮಾತು ಅವರ ಬಾಯಿಂದ! ನಾನು ಕೂಡ ಅಪ್ಪನದೇ ಸರಿ ಅಂದುಕೊಂಡೆ. ನಳವಿದ್ದರೆ ನನ್ನ ಬಿಂದಿಗೆ ತಪ್ಪುತ್ತದಲ್ಲ, ನನಗೆ ಅಷ್ಟೇ ಬೇಕಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಸಂಜೆ ಅಪ್ಪ ಸಹಿ ಹಾಕಿದರು. ಅವರ ಹಿಂದೆ ಏಳೂ ಮನೆಯವರು ಹಾಕಿದರು.

ಹತ್ತು ದಿನ ಬಂದ ನೀರು ಹನ್ನೊಂದನೆಯ ದಿನ ನಿಂತಿತು. ಓವರ್ಸಿಯರನ ಪತ್ತೆಯಿಲ್ಲ. ಗಂಡಸರೆಲ್ಲ ಗುದ್ದಲಿ ಹಿಡಿದು ಪೈಪಿನ ಜಾಡು ಹಿಡಿದು ಅಗೆದರು. ಒಂದು ಕೊನೆ ಮಾಲೀಕನ ದಿಬ್ಬದ ಮೇಲಿನ ತೊಟ್ಟಿಗೆ ಸೇರಿತ್ತು. ಬಾವಿಯ ನೀರನ್ನು ಅಲ್ಲಿಗೆ ಹೇರಿ ತುಂಬಿಸಿದ್ದರು. ಇನ್ನೊಂದು ಕೊನೆ ಮುನ್ಸಿಪಾಲ್ಟಿಯ ದೊಡ್ಡ ಪೈಪಿಗೆ ನಾಲ್ಕು ಮಾರು ಇರುವಾಗಲೇ ನಿಂತು, ಬಾಯಿಗೆ ಮರದ ಬೆಣೆ ಜಡಿಸಿಕೊಂಡಿತ್ತು. ಮಾಲೀಕನ ಬಳಿ ಹೋದರೆ ಅವನು ಎಂಟು ಸಹಿಯ ಕಾಗದ ತೋರಿಸಿದ.

ಅಪ್ಪ ಮನೆಗೆ ಬಂದು ಅವ್ವನ ಮೇಲೇ ರೇಗಿದರು. ಅಷ್ಟು ಗೊತ್ತಿದ್ದವಳು ಕೈ ಹಿಡಿದು ಯಾಕೆ ತಡೆಯಲಿಲ್ಲ ಎಂದರು. ಅವ್ವ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಎಲ್ಲಾರ ಮ್ಯಾಲೂ ಸಂಶಯ ಪಡ್ತೀರಿ, ಅದು ನಿಮ್ಮ ಸ್ವಭಾವ, ಇರ್ಲಿ. ಆದರ ನಾಕ ಸಲ ಉಂಡಾವನ ಮಾತು ಖರೆ ಆತು, ಹದಿನಾಲ್ಕು ವರ್ಷ ಬಡಿಸಿದಾಕಿ ಮಾತು ಸುಳ್ಳಾತು."

ಅಪ್ಪ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಧೋತರ ಎತ್ತಿ ಕಟ್ಟಿ, ಅವ್ವನ ಕೊಡ ಹೆಗಲಿಗೇರಿಸಿಕೊಂಡರು. ಬಾವಿಯ ಕಟ್ಟೆಯ ಮೇಲೆ ಏಳೂ ಮನೆಯ ಹೆಂಗಸರು ಇರುವ ಹೊತ್ತು ಅದು. ಅವ್ವ ಬೇಡ ಎನ್ನುತ್ತಾಳೆಂದು ನಾನು ಕಾದೆ. ಅವಳು ಒಳಗೆ ಹೋಗಿ ಎರಡನೆಯ ಕೊಡವನ್ನೂ ತಂದು ಅವರ ಕೈಗೆ ಕೊಟ್ಟಳು.