ಹೋಳಿಗೆ ಮತ್ತು ಹೈಪರ್ಬೊಲಿ

ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್‌ಗೆ ಅಲಂಕಾರಗಳ ಹುಚ್ಚು. ವಿಜಯಪುರದ ಕಾಲೇಜಿನಿಂದ ಟಿಕೋಟಾದ ಮನೆಗೆ ಬಂದ ಮೇಲೂ ನಾನು ಸಿಮಿಲಿ, ಮೆಟಫರ್, ಹೈಪರ್ಬೊಲಿ ಎಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ತಲೆ ಚಿಟ್ಟು ಹಿಡಿಯಿತು.

"ಏನವಾ ಅದು, ಹೈಪರ್ಬೊಲಿ?"

"ಇದ್ದದ್ದನ್ನ ಭಾಳ ದೊಡ್ಡದು ಮಾಡಿ ಹೇಳೂದು ಬೇ. ಅದನ್ನ ಖರೇ ಅಂತ ತಿಳ್ಕೋಬಾರದು."

ಎಳ್ಳಮಾವಾಸ್ಯೆಯಂದು ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಪರಿಚಯದವರನ್ನೆಲ್ಲ ಹೊಲಕ್ಕೆ ಊಟಕ್ಕೆ ಕರೆಯುವುದು ನಮ್ಮ ಕಡೆಯ ರೂಢಿ. ಆ ಸಲ ಸರ್ ಕೂಡ ಬಂದರು. ಸಜ್ಜೆ ರೊಟ್ಟಿ, ಪಲ್ಯ, ಶೇಂಗಾ ಹೋಳಿಗೆ ಎಲ್ಲ ಉಂಡು, ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು.

"ಸಾಕ್ರೀ ಅಕ್ಕಾರ! ಇನ್ನೊಂದ ತುತ್ತ ತಿಂದ್ರ ಹೊಟ್ಟಿ ಒಡದ ಹೋಗ್ತೈತ್ರಿ!"

ಅವ್ವ ಹೋಳಿಗೆ ಹಿಡಿದುಕೊಂಡೇ ನನ್ನತ್ತ ತಿರುಗಿದಳು. "ಇದಽ ಏನು ನಿನ್ನ ಹೈಪರ್ಬೊಲಿ?"

ಸರ್ ದೀನರಾಗಿ ನನ್ನನ್ನೇ ನೋಡಿದರು. ಆದರೆ ಕಲಿಸಿದವರ ಎದುರಿಗೇ ತಪ್ಪು ಉತ್ತರ ಹೇಳುವುದು ಹೇಗೆ?

"ಹೌದ ಬೇ ಯವ್ವಾ" ಎಂದೆ.

ತಟ್ಟೆಗೆ ಎರಡು ಹೋಳಿಗೆ ಬಿದ್ದವು. ಮೇಲೆ ಧಾರಾಳ ತುಪ್ಪವೂ ಬಿತ್ತು.

ಮರುದಿನ ಸರ್ ಕಾಲೇಜಿಗೆ ಬರಲಿಲ್ಲ. ಅದರ ಮರುದಿನ ಬಂದವರು ಕುರ್ಚಿಯಲ್ಲಿ ಮೆಲ್ಲಗೆ ಕೂತು, ಇವತ್ತಿನ ಪಾಠ ಅಂಡರ್‌ಸ್ಟೇಟ್‌ಮೆಂಟ್, ಅಂದರೆ ಇದ್ದದ್ದನ್ನು ಕಡಿಮೆ ಮಾಡಿ ಹೇಳುವುದು ಎಂದರು. ಯಾರೋ ಉದಾಹರಣೆ ಕೇಳಿದರು. ಸರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ದಿಟ್ಟಿಸಿದರು.

"ಬರಕೋರಿ. ಮೊನ್ನೆ ಟಿಕೋಟಾದಾಗ ನಾ ಒಂದೀಟ ಊಟ ಮಾಡಿದ್ನಿ."